ಎಂಟನೇ ನೀಲಿ

ಮನೆಯಿಂದ,
ಹದಿನೇಳನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

(ಪ್ರೀತಿಯ ಅಂತ ಬರೆದದ್ದು ಕಾಗದದ ಮರ್ಯಾದೆಗೆ. ಹಿಗ್ಗಬೇಡಿ.) ಮಂಡಿನೋವು ಹೇಗಿದೆ? ಅತ್ತಿಗೆಯವರ ಮನೆಯ ಮೆಟ್ಟಿಲು ಬಹಳ ಕಡಿದು, ಸುಮ್ಮಸುಮ್ಮನೆ ಹತ್ತಿ ಇಳಿಯಬೇಡಿ. ಕನ್ನಡಕ ಇಲ್ಲೇ ಬಿಟ್ಟು ಹೋಗಿದ್ದೀರಿ, ಹಾಗಾಗಿ ಇದನ್ನು ಅತ್ತಿಗೆಯವರೇ ಓದಿ ಹೇಳುತ್ತಿರಬೇಕು. ಅತ್ತಿಗೆ, ನಮಸ್ಕಾರ. ನಿಮ್ಮ ತಮ್ಮನನ್ನು ನೀವು ಹದಿನೆಂಟು ದಿನದಿಂದ ಸಹಿಸಿಕೊಂಡಿದ್ದೀರಿ, ನಾನು ಇಪ್ಪತ್ತೊಂಬತ್ತು ವರ್ಷದಿಂದ. ನನ್ನ ಕಷ್ಟ ಈಗ ನಿಮಗೂ ಗೊತ್ತಾಗಿರುತ್ತದೆ. ನಾನೂ ಮಗಳೂ ಇಲ್ಲಿ ಚೆನ್ನಾಗಿದ್ದೇವೆ.

ನಡೆದದ್ದನ್ನು ಒಮ್ಮೆ ಬರೆದುಬಿಡುತ್ತೇನೆ, ಅತ್ತಿಗೆಯವರ ಮುಂದೆ ನೀವು ಬೇರೆಯೇ ಥರ ಹೇಳಿರುತ್ತೀರಿ. ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮೂರು ಸೂಟ್‌ಕೇಸ್ ತುಂಬ ಸ್ಟಾಂಪು. ಅಪರೂಪದ್ದಾಗಿದ್ದರೆ ನಾನೇಕೆ ಬಾಯಿ ಬಿಡುತ್ತಿದ್ದೆ? ನಿಮ್ಮ ಆಫೀಸಿನ ಲಕೋಟೆಗಳಿಂದ ಕತ್ತರಿಸಿ ತಂದ, ಎಲ್ಲರ ಮನೆಗೂ ಬರುವ ಮಾಮೂಲಿ ನೀಲಿ ಹಡಗು, ಮತ್ತೆ ನೀಲಿ ಹಡಗು, ಮತ್ತೂ ನೀಲಿ ಹಡಗು. ಹೊಲಿಯಲು ಕೂತರೆ ಕಾಲು ಚಾಚಲಿಕ್ಕೆ ಜಾಗವಿಲ್ಲ. “ಎಲ್ಲಾ ಒಂದೇ ಹಡಗು ಕಣ್ರೀ, ಒಂದಿಟ್ಕೊಂಡು ಮಿಕ್ಕಿದ್ದು ಬಿಸಾಕಿ” ಅಂದೆ. ತಪ್ಪಾ? ಅದಕ್ಕೆ ನೀವು “ನಿನಗೆ ನೋಡೋಕೇ ಬರಲ್ಲ” ಅಂದಿರಿ. ದೀಪವಿಲ್ಲದೆ ಸೂಜಿಗೆ ದಾರ ಪೋಣಿಸುವ ನನಗೆ! ಮೈಯೆಲ್ಲ ಉರಿದುಹೋಯಿತು. ಭಾನುವಾರ ಎಲ್ಲವನ್ನೂ ಹಳೇ ಪೇಪರಿನವನಿಗೆ ಹಾಕುತ್ತೇನೆ ಅಂದೆ. ನೀವು ಭೂತಗನ್ನಡಿ ಎತ್ತಿಕೊಂಡು ಹೊರಟೇಬಿಟ್ಟಿರಿ, ಕನ್ನಡಕ ಮರೆತಿರಿ.

ಪೇಪರಿನವನು ಬರುವ ಮುಂಚೆ ನಿಮ್ಮ ಮಾತು ಸುಳ್ಳು ಅಂತ ತೋರಿಸೋಣವೆಂದು ಒಂದು ಸೂಟ್‌ಕೇಸನ್ನು ಮೇಜಿನ ಮೇಲೆ ಸುರಿದೆ. ಸಾಕ್ಷಿಗೆ ನೀಲಿ ದಾರದ ರೀಲು ತಂದು ಪಕ್ಕಕ್ಕೆ ಹಿಡಿದೆ. ಕೆಲವಕ್ಕೆ ಹೊಂದಿತು, ಕೆಲವಕ್ಕೆ ಇಲ್ಲ. ಇನ್ನೊಂದು ರೀಲು ತಂದೆ. ಸಂಜೆಯ ಹೊತ್ತಿಗೆ ಏಳು ರೀಲು ಸಾಲಾಗಿ ನಿಂತಿದ್ದವು, ಏಳು ನೀಲಿ! ಇಂಕಿನ ನೀಲಿ, ಶಾಲೆಯ ಸಮವಸ್ತ್ರದ ನೀಲಿ, ಒಗೆದೊಗೆದು ಮಾಸಿದ ನೀಲಿ. ಒಂದರಲ್ಲಿ ಹಡಗಿನ ಬಾವುಟವೇ ಅಚ್ಚಾಗಿಲ್ಲ. ಇನ್ನೊಂದರ ಅಂಚಿನ ಹಲ್ಲುಗಳನ್ನು ಮೊಂಡು ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಇದನ್ನೆಲ್ಲ ಬಾಯಿಬಿಟ್ಟು ಹೇಳಬಾರದಿತ್ತೇ? (ಹೇಳುತ್ತಲೇ ಇದ್ದಿರಂತೆ, ಮಗಳು ಅನ್ನುತ್ತಾಳೆ. ಹೊಲಿಗೆ ಯಂತ್ರದ ಸದ್ದಿನಲ್ಲಿ ನನಗೆ ಕೇಳಿಸಿಲ್ಲ.)

ಅಲ್ಲಿಂದ ಮನೆ ಮನೆಯಾಗಿ ಉಳಿದಿಲ್ಲ. ಸ್ನಾನದ ಬಕೆಟ್ಟಿನಲ್ಲಿ ಸ್ಟಾಂಪು ನೆನೆಯುತ್ತಿವೆ, ನಾವಿಬ್ಬರೂ ಚೊಂಬಿನಲ್ಲಿ ಮುಖ ತೊಳೆದುಕೊಂಡು ಸುಮ್ಮನಾಗುತ್ತೇವೆ. ಮೊನ್ನೆ ಒಣಗಲು ಹರಡಿದ್ದಾಗ ಮಗಳು ಫ್ಯಾನ್ ಹಾಕಿಬಿಟ್ಟಳು, ಸಕ್ಕರೆ ಡಬ್ಬದಿಂದ ಒಂಬತ್ತು ಹಡಗು ಹೊರತೆಗೆದೆ. ಬೇಗ ಒಣಗಲಿ ಅಂತ ಇಸ್ತ್ರಿ ಮಾಡಿದೆ, ಅದರಲ್ಲಿ ಗೋಂದು ಬಿಡದ ಒಂದು ಸ್ಟಾಂಪು ಹಲ್ಲಿನ ಡಾಕ್ಟರು ಹೊಲಿಯಲು ಕೊಟ್ಟಿದ್ದ ಬಿಳಿ ಕೋಟಿನ ಬೆನ್ನಿಗೆ ಅಂಟಿಕೊಂಡು ಹೋಗಿದೆ. ಆ ಪುಣ್ಯಾತ್ಮರು ದಿನವಿಡೀ ಹಾಗೇ ಓಡಾಡಿದ್ದಾರೆ. ಅವತ್ತು ರೋಗಿಗಳೆಲ್ಲ ಹೇಳದೆಯೇ ಬಾಯಿ ತೆರೆದರಂತೆ, ಡಾಕ್ಟರು ಖುಷಿಯಲ್ಲಿದ್ದರು. ಸ್ಟಾಂಪು ವಾಪಸ್ ಇಸಿದುಕೊಂಡಿದ್ದೇನೆ.

ಭಾನುವಾರ ಪೇಪರಿನವನೂ ಬಂದ. ಚೀಲ ಬಿಚ್ಚಿ, ರಾಶಿಗೆ ಕೈ ಹಾಕಿದ್ದೇ ತಡ, “ಮುಟ್ಟಬೇಡ! ಚಿಮುಟದಲ್ಲಿ ಎತ್ತಬೇಕು!” ಅಂತ ಕಿರುಚಿದೆ. ಬಾಯಿ ನನ್ನದು, ಮಾತು ಥೇಟ್ ನಿಮ್ಮದು. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಜಮಾನ್ರು ಊರಲ್ಲಿಲ್ವಾ ಅಮ್ಮಾ?” ಅಂತ ಕೇಳಿ, ಚೀಲ ಮಡಿಸಿಕೊಂಡು ಹೋದ.

ಈಗ ಎರಡು ಸೂಟ್‌ಕೇಸ್ ಖಾಲಿ. ನನ್ನ ಗುಂಡಿಗಳ ಪುಟ್ಟ ಡ್ರಾಯರುಗಳಿಗೆ ಏಳು ನೀಲಿಯನ್ನೂ ತುಂಬಿ ಚೀಟಿ ಅಂಟಿಸಿದ್ದೇನೆ. ಗುಂಡಿಗಳೆಲ್ಲ ನಿಮ್ಮ ಬೂಟಿನೊಳಗಿವೆ, ಹಾಕಿಕೊಳ್ಳುವ ಮುನ್ನ ಕೊಡವಿಕೊಳ್ಳಿ. ಮೂರನೇ ಸೂಟ್‌ಕೇಸನ್ನು ಮುಟ್ಟಿಲ್ಲ. ನೀವು ಬರಲೇಬೇಕು ಅಂತ ನಾನೇನೂ ಬರೆಯುತ್ತಿಲ್ಲ. ಮಗಳು ನಮಸ್ಕಾರ ತಿಳಿಸಿದ್ದಾಳೆ. ಅತ್ತಿಗೆಯವರ ಮೊಮ್ಮಗುವಿಗೆ ನನ್ನ ಆಶೀರ್ವಾದ, ಅವರಿಗೆ ಇನ್ನೊಂದು ನಮಸ್ಕಾರ.

ಇಂತಿ,
ಸಿಟ್ಟು ಬಂದಾಗ ನೀವು ಕರೆಯುವ ಹಾಗೆ,
ಕತ್ತರಿ

ಮರೆತಿದ್ದೆ: ಅತ್ತಿಗೆ, ದಯವಿಟ್ಟು ಇಲ್ಲಿಂದ ಮುಂದೆ ಓದಬೇಡಿ, ಕಾಗದ ಅವರ ಕೈಗೇ ಕೊಡಿ, ಭೂತಗನ್ನಡಿ ಇದೆಯಲ್ಲ. ರೀ, ಆವತ್ತು ನೀವು ಹೇಳಿದ್ದು ನಿಜ. ನನಗೆ ನೋಡೋಕೆ ಬರುತ್ತಿರಲಿಲ್ಲ. ಈಗ ಬರುತ್ತೆ, ಆದರೆ ನೋಡಿದ್ದನ್ನು ಹೇಳಲಿಕ್ಕೆ ಮನೆಯಲ್ಲಿ ನೀವಿಲ್ಲ. ಬಹಳ ಬೇಜಾರು. ಲಕೋಟೆಯ ಮೇಲಿನ ಹಡಗನ್ನು ನೋಡಿ, ಇವತ್ತು ಬೆಳಿಗ್ಗೆ ಅಂಚೆ ಕಚೇರಿಯಲ್ಲಿ ಸಾಲನ್ನೆಲ್ಲ ನಿಲ್ಲಿಸಿ, ಹಾಳೆಯ ಮೂಲೆಯಿಂದ ಹುಡುಕಿ ಕೊಂಡದ್ದು. ಅದು ಎಂಟನೇ ನೀಲಿ, ನನ್ನ ಯಾವ ದಾರಕ್ಕೂ ಹೊಂದಲಿಲ್ಲ. ಅದರ ಡ್ರಾಯರು ಖಾಲಿ ಇಟ್ಟಿದ್ದೇನೆ. ಸುತ್ತ ಒಂದು ಬೆರಳು ಜಾಗ ಬಿಟ್ಟು ಕತ್ತರಿಸಿ. ಅಂಚೆಗೆ ಹಾಕಬೇಡಿ, ನೀವೇ ತನ್ನಿ. ಚಿಲಕ ಹಾಕಿರುವುದಿಲ್ಲ. ಬಾಗಿಲು ಮಾತ್ರ ಮೆಲ್ಲಗೆ ತೆಗೆಯಿರಿ, ಎಲ್ಲಾ ಹಾರಿಹೋಗುತ್ತವೆ.