ಬಿಗಿದ ದವಡೆ

೨ ಜೂನ್ ೨೦೦೩, ಸೋಮವಾರ
ಬ್ರಷ್ ಮೇಲೆ ಮತ್ತೆ ರಕ್ತ. ಉಪ್ಪುನೀರು ಮುಕ್ಕಳಿಸಿದೆ. ದವಡೆ ನೋವು ಕಿವಿಯವರೆಗೂ ಏರಿದೆ. ರೊಟ್ಟಿ ಅಗಿಯಲಾಗಲಿಲ್ಲ, ಹಾಲಿನಲ್ಲಿ ನೆನೆಸಿ ನುಂಗಿದೆ.
ಆಫೀಸಿನಲ್ಲಿ ಪುಷ್ಪಲತಾಳ ಟೇಬಲ್ ಖಾಲಿ. ರೆಕಾರ್ಡ್ ರೂಮಿನಲ್ಲಿ ಸಾಹೇಬರು ಕೈ ಹಿಡಿದೆಳೆದರೆಂದು ದೂರು ಕೊಟ್ಟಳು. ಅವಳನ್ನೇ ವರ್ಗ ಮಾಡಿ ಹರಪನಹಳ್ಳಿಗೆ ಎತ್ತಿಹಾಕಿದರು. ಎಳೆದದ್ದು ನಿಜ. ಫೈಲ್ ತರಲು ಹೋಗಿ ಬಾಗಿಲಲ್ಲಿ ನಿಂತಿದ್ದೆ. ಕಂಡವಳು ನಾನೊಬ್ಬಳೇ.

೯ ಜೂನ್
ವಿಚಾರಣೆಯ ನೋಟಿಸು ಬಂತು. ಸಾಕ್ಷಿಯೆಂದು ಪುಷ್ಪಲತಾ ನನ್ನ ಹೆಸರು ಕೊಟ್ಟಿದ್ದಾಳೆ, ೨೩ಕ್ಕೆ ನನ್ನ ಹೇಳಿಕೆ. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಪಕ್ಕದಲ್ಲಿ ಯಾರೂ ಕೂರಲೂ ಇಲ್ಲ.
ಹುಲುಗಪ್ಪನವರು ನಮ್ಮ ಜಾತಿಯವರೇ, ನನಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು. ಹೊರಗೆ ಕರೆದರು. “ನೋಡಿಲ್ಲ ಅಂದ್ಬಿಡವ್ವಾ ರಮಾ. ನಮ್ಮಂಥೋರ ಮನ್ಯಾಗ ನೌಕರಿ ಬಂದಿದ್ದ ಈಗ, ಕಳ್ಕೋಬ್ಯಾಡ.”
ತಲೆ ಆಡಿಸಿದೆ. ಹೌದೆಂದೋ, ಅಲ್ಲವೆಂದೋ… ನನಗೇ ಗೊತ್ತಿಲ್ಲ.

೧೫ ಜೂನ್, ಭಾನುವಾರ
ಹಲ್ಲಿನ ಡಾಕ್ಟರ್ ಸೋಮಶೇಖರ್ ಭಾನುವಾರ ಮಾತ್ರ ಹೊಸಪೇಟೆಯಿಂದ ಬರುತ್ತಾರೆ. ಕನ್ನಡಿ ಹಿಡಿದು ತೋರಿಸಿದರು. ಒಸಡು ಊದಿ ಕೆಂಪಾಗಿದೆ. ಹಲ್ಲುಗಳ ತಲೆ ಸವೆದು ಸಪಾಟು. ಒಂದು ದವಡೆಹಲ್ಲು ಸೀಳಿದೆ, ಉಳಿಯುವುದು ಕಷ್ಟವಂತೆ.
“ನಿದ್ದ್ಯಾಗ ಹಲ್ಲು ಕಡೀತೀರೇನ್ರಿ?”
ಗೊತ್ತಿಲ್ಲ ಎಂದೆ.
“ಮನ್ಯಾಗ ಯಾರನ್ನರ ಕೇಳಿ ನೋಡ್ರಿ.”
ಯಾರನ್ನು ಕೇಳಲಿ. ನಕ್ಕುಬಿಟ್ಟೆ. ಅವರಿಗೆ ಅರ್ಥವಾಯಿತೇನೋ, ತಲೆ ತಗ್ಗಿಸಿ ಚೀಟಿ ಬರೆದರು. ಟೆನ್ಶನ್ ಇದ್ದವರು ನಿದ್ದೆಯಲ್ಲಿ ಹಲ್ಲು ಕಚ್ಚಿ ಹಿಡಿಯುತ್ತಾರಂತೆ. ಮೈ ಸೋತಾಗ ಒಸಡಿನ ರೋಗವೂ ಬೇಗ ಏರುತ್ತದಂತೆ. ಏನಾದರೂ ಚಿಂತೆಯೇ ಎಂದರು. ಇಲ್ಲ ಎಂದೆ.
ಬಸ್‌ಸ್ಟ್ಯಾಂಡ್ ಹತ್ತಿರ ಗಮನಕ್ಕೆ ಬಂತು — ಅಷ್ಟು ದೂರವೂ ಹಲ್ಲು ಕಚ್ಚಿಕೊಂಡೇ ನಡೆದಿದ್ದೆ.

೨೩ ಜೂನ್. ಸಂಜೆ
ಹೇಳಿದೆ. ಕಂಡದ್ದೆಲ್ಲ.
ಖಾತ್ರಿಯೇ ಎಂದು ಅಧಿಕಾರಿ ಮತ್ತೆ ಕೇಳಿದರು. “ಖಾತ್ರಿ ರೀ. ಆಕಿ ಕೈ ಬಿಡಿಸ್ಕೊಳ್ಳಾಕ ಹತ್ತಿದ್ಲು. ನಾ ಬಾಗಲದಾಗ ನಿಂತಿದ್ದೆ.” ಧ್ವನಿ ನನ್ನದೇ ಅನ್ನಿಸಲಿಲ್ಲ. ಸಾಹೇಬರು ಗೋಡೆ ನೋಡುತ್ತಿದ್ದರು.
ಹೊರಬಂದಾಗ ಹುಲುಗಪ್ಪನವರು ಫೈಲಿನಿಂದ ತಲೆ ಎತ್ತಲಿಲ್ಲ.

೫ ಜುಲೈ
ಸಾಹೇಬರನ್ನು ರಜೆಯ ಮೇಲೆ ಕಳಿಸಿದ್ದಾರೆ. ಮುಂದೇನೋ ತಿಳಿಯದು. ಆಫೀಸಿನಲ್ಲಿ ಕೆಲಸದ ಹೊರತು ನನ್ನೊಡನೆ ಮಾತಿಲ್ಲ. ಒಸಡಿನ ರಕ್ತ ನಿಂತಿದೆ — ಗುಳಿಗೆಯಿಂದಲೋ ಏನೋ. ನಿದ್ದೆ ಬರುತ್ತಿದೆ.
ಎಸ್‌ಟಿಡಿ ಬೂತಿನಿಂದ ಹರಪನಹಳ್ಳಿಗೆ, ಪುಷ್ಪಲತಾಳಿಗೆ ಫೋನ್ ಹಚ್ಚಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರ. ಮಂಡಕ್ಕಿ ತಿಂದೆ.

೬ ಜುಲೈ, ಭಾನುವಾರ. ಮಧ್ಯಾಹ್ನ
ಸೀಳಿದ ಹಲ್ಲು ಕೀಳಿಸಿಕೊಂಡೆ. ಬಾಯಲ್ಲಿ ಹತ್ತಿ. ಒಂದು ತಾಸು ಮಾತಾಡಬಾರದೆಂದರು. ಆಡಲು ಯಾರಿದ್ದಾರೆ ಎಂದುಕೊಳ್ಳುತ್ತ ಬಂದರೆ, ಮನೆಯ ಕಟ್ಟೆಯ ಮೇಲೆ ಪುಷ್ಪಲತಾ. ಬಸ್ಸಿನ ಧೂಳು ಇನ್ನೂ ಸೆರಗಿನ ಮೇಲೇ ಇತ್ತು.
ಏನೋ ಹೇಳಹೋದೆ. ಹತ್ತಿ ಅಡ್ಡ. ಊದಿದ ಕೆನ್ನೆಯನ್ನೇ ನೋಡಿದಳು.
“ನೀವು ಮಾತಾಡಬ್ಯಾಡ್ರಿ ಅಕ್ಕಾ. ಮಾತಾಡೂದು ವಿಚಾರಣ್ಯಾಗ ಮಾತಾಡೀರಿ.”
ನನ್ನ ಕೈಯಿಂದ ಕೀಲಿ ತೆಗೆದುಕೊಂಡು ತಾನೇ ಬಾಗಿಲು ತೆರೆದಳು. ಗಂಜಿ ಕಾಸುತ್ತೇನೆಂದು ಒಳಗೆ ಹೋದಳು. ನಾನು ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಪಾತ್ರೆಯ ಸದ್ದು ನಿಂತು ಬಹಳ ಹೊತ್ತಾಯಿತು. ಅಳುತ್ತಿದ್ದಾಳೇನೋ. ಬರೆಯುವುದು ಸಾಕು, ಎದ್ದು ಅವಳ ಬಳಿ ಹೋಗುತ್ತೇನೆ.