ಅಕ್ಕ ಕಾಲಿಡುವ ಸಬ್‌ವೂಫರ್

ಮಾರ್ಚ್ 3, ಸಂಜೆ 6.30

ಡಿಪೋದಿಂದ ಬಂದೆ. ಕೈ ತೊಳೆದೆ, ಗ್ರೀಸ್ ಹೋಗಲಿಲ್ಲ. ಎಂದಿನಂತೆ ಅಕ್ಕನಿಗೆ ಹಾಡು ಹಾಕಿದೆ. ಸಬ್‌ವೂಫರ್ ಎಂಬ ಬೇಸ್ ಸ್ಪೀಕರ್ ಡಬ್ಬದ ಮೇಲೆ ಎರಡೂ ಪಾದ ಇಟ್ಟು ಕೂತಳು. ನಾಲ್ಕು ವರ್ಷದ ಹಿಂದೆ ಜ್ವರದಲ್ಲಿ ಕಿವಿ ಪೂರ್ತಿ ಹೋದ ಮೇಲೆ ಅವಳಿಗೆ ಸಂಗೀತವೆಂದರೆ ಇಷ್ಟೇ — ಅಂಗಾಲಿಗೆ ಬರುವ ತಾಳ. ಬೀದಿಯ ಮಕ್ಕಳಿಗೆಲ್ಲ ಹಾಡು ಹೇಳಿಕೊಟ್ಟವಳು.

"ಇವತ್ತು ಬರ್ತಾನೇ ಇಲ್ವಲ್ಲೋ," ಎಂದಳು.

ಹಸಿರು ದೀಪ ಉರಿಯುತ್ತಿದೆ. ಫ್ಯೂಸ್ ಸರಿ. ಬಸ್ಸಿನ ಇಂಜಿನ್ ಬಿಚ್ಚುವವನಿಗೆ ಇದು ಯಾವ ಮಹಾ. ನಾಳೆ ನೋಡೋಣ.

ಮಾರ್ಚ್ 4

ಕೇಬಲ್ ಬದಲಿಸಿದೆ. ತಾನಾಗೇ ಆಫ್ ಆಗುವ ಆಟೋ ಸ್ಟ್ಯಾಂಡ್‌ಬೈ ತೆಗೆದು ಸದಾ ಆನ್‌ಗೆ ಇಟ್ಟೆ. "ಎಲ್ಲೋ ದೂರದಲ್ಲಿ ಇದ್ದಂಗಿದೆ," ಎಂದಳು. ಸ್ಲೇಟಿನ ಮೇಲೆ ಬರೆದು ತೋರಿಸಿದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಲೆಗೆ ಮೊಟಕಿದಳು.

ಮಾರ್ಚ್ 6

ಡಬ್ಬವನ್ನು ಮೂಲೆಗೆ ಸರಿಸಿದೆ — ಗೋಡೆ ಹತ್ತಿರವಿದ್ದರೆ ಬೇಸ್ ಹೆಚ್ಚುತ್ತದಂತೆ. ಡಬ್ಬದ ಹಿಂದಿನ ಫೇಸ್ ಸ್ವಿಚ್ಚನ್ನೂ ತಿರುಗಿಸಿದೆ. ವಾಲ್ಯೂಮ್ ಮುಕ್ಕಾಲು. ಕಿಟಕಿ ಗಾಜು ಗಡಗಡ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದರು.

"ನಮ್ಮ ಪಾತ್ರೆಯೆಲ್ಲ ಉದುರ್ತಿವೆ. ಏನ್ರೀ ಇದು?"

ಅಕ್ಕ ಅವರ ಬಾಯನ್ನೇ ನೋಡಿದಳು. ಆಮೇಲೆ ತನ್ನ ಪಾದಗಳನ್ನು ನೋಡಿದಳು. ನನಗೆ ಡಬ್ಬದ ಮೇಲೇ ಸಿಟ್ಟು.

ಮಾರ್ಚ್ 9, ಭಾನುವಾರ

ಬಿಚ್ಚಿದೆ. ಒಂದು ಬೆಸುಗೆ ಸಡಿಲ ಕಂಡಿತು. ಸಿಕ್ಕಿಬಿದ್ದ ಕಳ್ಳ! ಅಕ್ಕ ಪಕ್ಕದ ಕುರ್ಚಿಯಲ್ಲಿ ಟಾರ್ಚ್ ಹಿಡಿದು ಕೂತಿದ್ದಳು. ಬೆಸುಗೆ ಹಾಕುವ ಐರನ್ ತುದಿಯಿಂದ ಕಾದ ಸೋಲ್ಡರ್ ಹನಿ ಜಾರಿ ಅವಳ ಕಾಲ್ಬೆರಳ ಮೇಲೆ ಬಿತ್ತು. ಚರ್ಮ ಸುಟ್ಟ ವಾಸನೆ. ಟಾರ್ಚ್ ಅಲುಗಲಿಲ್ಲ.

"ಯಾಕೋ ಹಂಗ್ ನೋಡ್ತಿದ್ದೀಯ?"

ಮಾರ್ಚ್ 17

ಅಕ್ಕನನ್ನು ಡಾಕ್ಟರಿಗೆ ತೋರಿಸಿದೆ. ಹತ್ತು ವರ್ಷದ ಸಕ್ಕರೆ ಕಾಯಿಲೆ. ಕಾಲಿನ ನರಗಳನ್ನು ತಿಂದಿದೆ. ಕೈಗೂ ಹತ್ತಿದೆಯಂತೆ. "ಹೋಗಿದ್ದು ವಾಪಸ್ ಬರಲ್ಲ. ಇನ್ನು ಗಾಯ ಆಗ್ದಂಗೆ ನೋಡ್ಕೊಳ್ಳಿ," ಎಂದರು ಡಾಕ್ಟರು.

ದಾರಿಯಲ್ಲಿ ಅಕ್ಕ ಕೇಳಿದಳು, ಏನಂದ್ರೋ? ಬರೆದೆ: ಮಾತ್ರೆ ತಗೊಂಡ್ರೆ ಸರಿಹೋಗುತ್ತೆ. ಡಬ್ಬದಲ್ಲೂ ಇನ್ನೊಂದು ರಿಪೇರಿ ಇದೆ.

ಹೇಡಿ ನಾನು. ಅಷ್ಟು ದಿನ ಡಬ್ಬದ ಬೆನ್ನು ಹತ್ತಿದೆ, ಅಕ್ಕನ ಕಾಲನ್ನು ಒಂದು ಸಲ ಮುಟ್ಟಿ ನೋಡಲಿಲ್ಲ.

ಮಾರ್ಚ್ 30, ಸಂಜೆ

ಮತ್ತೆ ಬಿಚ್ಚಿದ್ದೆ. ಏನೋ ಮಾಡುತ್ತಿದ್ದೇನೆ ಎಂದು ಅವಳಿಗೆ ಕಾಣಲಿ, ಅಷ್ಟೇ. ಮುಚ್ಚಿ ಸ್ಕ್ರೂ ಬಿಗಿದೆ. ತಲೆ ಎತ್ತುವಷ್ಟರಲ್ಲಿ ಅಕ್ಕ ಪಾದ ಇಟ್ಟಾಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನಕ್ಕಳು.

"ಬಂತು ಕಣೋ! ಸರಿಹೋಯ್ತು. ಇನ್ನು ಅದನ್ನ ಬಿಚ್ಚೋಕ್ ಹೋಗ್ಬೇಡ. ಎಷ್ಟು ದಣಿದಿದ್ದೀಯ ನೋಡು."

ತೊಡೆ ತಟ್ಟಿ ತಾಳ ಹಾಕಿದಳು. ತಲೆದೂಗಿದಳು.

ಹಾಡನ್ನು ನಾನಿನ್ನೂ ಹಾಕಿರಲಿಲ್ಲ. ಪ್ಲಗ್ಗನ್ನೇ ಚುಚ್ಚಿರಲಿಲ್ಲ. ವೈರು ಡಬ್ಬದ ಹಿಂದೆ ನೆಲದ ಮೇಲೆ ಬಿದ್ದಿತ್ತು.

"ಸ್ವಲ್ಪ ಜೋರಾಯ್ತು. ಕಮ್ಮಿ ಮಾಡು."

ನಾಬ್ ತಿರುಗಿಸಿದೆ. ಸ್ಲೇಟಿನ ಮೇಲೆ ಬರೆದು ಕೇಳಿದೆ, ಈಗ ಸರೀನಾ?

"ಹ್ಞೂಂ, ಈಗ ಸರಿ," ಎಂದಳು.

ಕೆಟ್ಟಿದ್ದು ಡಬ್ಬ ಅಲ್ಲ ಅಂತ ಅವಳಿಗೆ ಎಷ್ಟು ದಿನದಿಂದ ಗೊತ್ತೋ...