ಮೊಲಕ್ಕೆ ನಾಯಿಯ ಔಷಧಿ

ಶನಿವಾರ, ಮಧ್ಯಾಹ್ನ

ಚಿನಕುರುಳಿಗೆ ಅಕ್ಕನ ಆಶೀರ್ವಾದ.

ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಈ ಕಾಗದ.

ನನ್ನ ಪಶು ಕ್ಲಿನಿಕ್ಕಿಗೆ ನೀನು ಬರೆದುಕೊಟ್ಟ ಪ್ರೋಗ್ರಾಂನಲ್ಲಿ ಮೊದಲು ನಾಯಿಗೊಂದು, ಬೆಕ್ಕಿಗೊಂದು, ಹಸುವಿಗೊಂದು, ಔಷಧಿ ಹೇಳುವ ಮೆಥಡ್ ಇತ್ತು. ಹೊಸ ಪ್ರಾಣಿ ಬಂದಾಗಲೆಲ್ಲ ನಿನ್ನ ಕಾಲು ಹಿಡಿಯಬೇಕಿತ್ತು. ಕಳೆದ ತಿಂಗಳು ನೀನೇ, "ಅಕ್ಕಾ, ಇನ್ನು ಒಂದೇ ಮೆಥಡ್ ಸಾಕು. ನಾಯಿ ಕೊಡು, ಹಸು ಕೊಡು, ಆನೆ ಕೊಡು, ಪ್ರಾಣಿ ಆಗಿದ್ರೆ ಆಯ್ತು. 'ನಿಂಗೆ ಯಾವ ಔಷಧಿ, ಎಷ್ಟು' ಅಂತ ಮೆಥಡ್ಡು ಆ ಪ್ರಾಣಿಯನ್ನೇ ಕೇಳ್ಕೊಳ್ಳುತ್ತೆ" ಎಂದೆ. ನಾನೂ ಹಿಗ್ಗಿದೆ.

ಮಂಗಳವಾರ ಚಿಕ್ಕಂದಿನಲ್ಲಿ ನಮಗೆ ಹಾಡು ಕಲಿಸಿದ ಸಂಗೀತದ ಟೀಚರ್ ಮೂಗು ಸೋರುವ ಮೊಲವನ್ನು ತಂದರು. ನಾನು ಒಳಗೆ ಕರುವಿನ ಕಾಲಿಗೆ ಹೊಲಿಗೆ ಹಾಕುತ್ತಿದ್ದೆ. ಕಾಂಪೌಂಡರ್ ಕಂಪ್ಯೂಟರ್ ಪರದೆಯಲ್ಲಿ ಮೊಲವನ್ನು ಆರಿಸಿ, ಪ್ರೋಗ್ರಾಂ ಹೇಳಿದ್ದನ್ನು ಕುಡಿಸಿದ. ಅದು ನಾಯಿಯ ಔಷಧಿ, ಮೊಲದ ಹೊಟ್ಟೆಗೆ ವಿಷ. ಮರುದಿನ ಮೊಲ ಒದ್ದೆ ಬಟ್ಟೆಯ ಹಾಗೆ ಟೀಚರ್ ಕೈಯಲ್ಲಿ ಜೋತುಬಿದ್ದಿತ್ತು.

ನಿನಗೆ ಫೋನ್ ಮಾಡಿದರೆ ಬಂದ ಉತ್ತರ: "ಎಲ್ಲಾ ಪ್ರಾಣಿಗೂ ಮೇಲೆ 'ಪ್ರಾಣಿ' ಅಂತ ಒಂದು ಕ್ಲಾಸ್ ಇದೆ, ಮೊಲಾನ ಅದರ ಕೆಳಗೆ ಸೇರಿಸಿದ್ದೆ, ಅದರ ಔಷಧಿ ಬರೆಯೋದು ಬಿಟ್ಟೋಯ್ತು. ತನ್ನದಿಲ್ಲ ಅಂದ್ರೆ ಅದು ಪ್ರಾಣಿ ಕ್ಲಾಸ್‌ನಲ್ಲಿ ಇರೋದನ್ನೇ ಹೇಳುತ್ತೆ." ಅಲ್ಲಿ ಏನಿತ್ತು ಎಂದು ಕೇಳಿದೆ. ಪ್ರೋಗ್ರಾಂ ಪರೀಕ್ಷಿಸಲೆಂದು ನಾಯಿಯದನ್ನೇ ಹಾಕಿದ್ದೆಯಂತೆ. ಸಾಲದ್ದಕ್ಕೆ ನೀನು, "ಪ್ರೋಗ್ರಾಂ ಸರಿಯಾಗೇ ನಡೀತಲ್ಲ" ಎಂದೆ. ನಡೆಯಿತು ಮಹಾರಾಯಿತಿ. ಮೊಲ ಮಾತ್ರ ನಡೆಯಲಿಲ್ಲ.

ಬರೀ 'ಪ್ರಾಣಿ' ಎಂಬ ಪ್ರಾಣಿಯನ್ನು ನನ್ನ ಕ್ಲಿನಿಕ್ಕಿಗೆ ಇದುವರೆಗೆ ಯಾರೂ ಹೊತ್ತು ತಂದಿಲ್ಲ. ಅದಕ್ಕೆ ಔಷಧಿಯೂ ಇರಕೂಡದು. ಅಲ್ಲಿರುವುದನ್ನು ಅಳಿಸು. ಸೇರುವ ಪ್ರತಿಯೊಂದು ಪ್ರಾಣಿಯೂ ತನ್ನ ಔಷಧಿಯನ್ನು ತಾನೇ ಹೇಳಬೇಕು. ಒಂದು ಹೇಳದಿದ್ದರೂ ಪ್ರೋಗ್ರಾಂ ಶುರುವೇ ಆಗಬಾರದು.

ಮೊಲ ನನ್ನ ಮೇಜಿನ ಕೆಳಗೆ ಪೆಟ್ಟಿಗೆಯಲ್ಲಿದೆ. ಅರೆದ ಸೊಪ್ಪನ್ನು ಸಿರಿಂಜಿನಲ್ಲಿ ಕುಡಿಸಿ ಕುಡಿಸಿ ನನ್ನ ಬೆರಳುಗಳು ಮರಗಟ್ಟಿವೆ. ಇವತ್ತು ಬೆಳಗ್ಗೆ ತಾನಾಗಿ ಒಂದೆಸಳು ಹುಲ್ಲು ಕಚ್ಚಿತು. ಹಿಕ್ಕೆಯನ್ನೂ ಹಾಕಿತು, ಅಂದರೆ ಹೊಟ್ಟೆ ಮತ್ತೆ ಕೆಲಸ ಮಾಡುತ್ತಿದೆ. ಹಿಕ್ಕೆ ನೋಡಿ ಅತ್ತವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಬೇಗ ಸರಿಮಾಡು. ಹೊತ್ತಿಗೆ ಸರಿಯಾಗಿ ಉಣ್ಣು.

ಸಿಟ್ಟಿನಲ್ಲೇ ಇರುವ,
ನಿನ್ನ ಅಕ್ಕ

ಬರೆಯದೆ ಬಿಟ್ಟಿದ್ದು: ಯಾರ ತಪ್ಪೆಂದು ಟೀಚರ್ ಕೇಳಿದರು. ನನ್ನದೆಂದೆ. ಈ ಮೊಲ ಚೇತರಿಸಿಕೊಂಡ ಮೇಲೆ ಬೇರೆ ಡಾಕ್ಟರ ಹತ್ತಿರ ಹೋಗುತ್ತಾರಂತೆ. ಹೊರಡುವಾಗ ನಿನ್ನನ್ನು ವಿಚಾರಿಸಿಕೊಂಡರು, ಈಗಲೂ ಹಾಡುತ್ತಾಳಾ ಎಂದು. ಹಾಡುತ್ತಾಳೆ ಎಂದಿದ್ದೇನೆ.